ಇಸವಿಯ ಪ್ರಕಾರ ಓದಿಸಲು ಹೊರಟ ವರ್ಷ

ಮುಂದಿನ ವರ್ಷ ಓದಬೇಕಾದ ಕಾದಂಬರಿಗಳ ಪಟ್ಟಿಯನ್ನು ನೀವೇ ಮಾಡಿಕೊಡಿ ಎಂದು ನಮ್ಮ ಓದುಗರ ಬಳಗದವರು ಕೇಳಿದಾಗ ಮೊದಲು ಬೇಡವೆಂದೆ. ಕೆಲವು ವರ್ಷಗಳ ಹಿಂದೆ ನಾನು ಮಾಡಿದ ಪಟ್ಟಿಯಿಂದಲೇ ಹಾಸನದ ಈ ಪುಟ್ಟ ಬಳಗ ಮುಚ್ಚಿಹೋಗುವ ಸ್ಥಿತಿಗೆ ಬಂದಿತ್ತು. ಆಗ ಏನಾಯಿತು ಎಂಬುದನ್ನು ಬರೆದೇ ಹೊಸ ಪಟ್ಟಿಗೆ ಕೈಹಾಕುವುದು ಸರಿಯೆನ್ನಿಸಿತು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು. ಸಾಹಿತ್ಯ ಚರಿತ್ರೆ ನನ್ನ ಇಷ್ಟದ ವಿಷಯ. ಹನ್ನೆರಡು ತಿಂಗಳಿಗೆ ಹನ್ನೆರಡು ಕಾದಂಬರಿ, ಪ್ರಕಟವಾದ ಇಸವಿಯ ಕ್ರಮದಲ್ಲೇ ಓದೋಣ, ವರ್ಷ ಮುಗಿಯುವಷ್ಟರಲ್ಲಿ ಕನ್ನಡ ಕಾದಂಬರಿ ನಡೆದುಬಂದ ದಾರಿ ಎಲ್ಲರಿಗೂ ಕಾಣಬೇಕು ಎಂದುಕೊಂಡೆ. ಜನವರಿಗೆ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' (1899), ಫೆಬ್ರವರಿಗೆ ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' (1915), ಆಮೇಲೆ 'ಕಾನೂರು ಹೆಗ್ಗಡಿತಿ' (1936), 'ಮರಳಿ ಮಣ್ಣಿಗೆ' (1941), 'ಚಿಕವೀರ ರಾಜೇಂದ್ರ' (1956), 'ಗ್ರಾಮಾಯಣ' (1957), 'ಸಂಸ್ಕಾರ' (1965), 'ಮಲೆಗಳಲ್ಲಿ ಮದುಮಗಳು' (1967), 'ಗೃಹಭಂಗ' (1970), 'ಪರ್ವ' (1979), 'ಕರ್ವಾಲೊ' (1980), ಡಿಸೆಂಬರಿಗೆ 'ಕುಸುಮಬಾಲೆ' (1984). ಒಂದೊಂದೂ ಓದಲೇಬೇಕಾದ ಪುಸ್ತಕ. ಈ ಮಾತನ್ನು ಇವತ್ತೂ ಹಿಂದೆಗೆದುಕೊಳ್ಳುವುದಿಲ್ಲ.

ಆದರೆ ಓದುವ ಮನಸ್ಸು ಇಸವಿಯ ಪ್ರಕಾರ ಬೆಳೆಯುವುದಿಲ್ಲ. 'ಇಂದಿರಾಬಾಯಿ'ಯ ದೊಡ್ಡತನ ತಿಳಿಯಬೇಕಾದರೆ, ವಿಧವಾ ವಿವಾಹದ ಮಾತೆತ್ತುವುದೇ ಆ ಕಾಲದಲ್ಲಿ ಎಷ್ಟು ಕಷ್ಟವಾಗಿತ್ತು, ಕಾದಂಬರಿ ಎಂಬ ಪ್ರಕಾರವೇ ಕನ್ನಡಕ್ಕೆ ಎಷ್ಟು ಹೊಸದಾಗಿತ್ತು ಎಂಬ ಅರಿವು ಮೊದಲು ಇರಬೇಕು. ನಂತರ ಬಂದ ನಾಲ್ಕಾರು ಒಳ್ಳೆಯ ಕಾದಂಬರಿಗಳನ್ನು ಓದಿ ಹಿಂದಿರುಗಿ ನೋಡಿದವರಿಗೆ ಅದು ಬೆರಗು ಹುಟ್ಟಿಸುತ್ತದೆ. ಇಡೀ ದಿನ ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿದು ಬಂದು, ಬಹಳ ವರ್ಷಗಳ ಮೇಲೆ ಪುಸ್ತಕ ಕೈಗೆತ್ತಿಕೊಂಡವರಿಗೆ ಅದನ್ನೇ ಮೊದಲು ಕೊಟ್ಟೆ. ಇತಿಹಾಸದ ಮೊದಲ ಮೆಟ್ಟಿಲೇ ಓದಿನ ಮೊದಲ ಮೆಟ್ಟಿಲೂ ಆಗಬೇಕೆಂಬುದು ಮೇಷ್ಟರ ಲೆಕ್ಕಾಚಾರ. ಫೆಬ್ರವರಿ ಮುಗಿಯುವಷ್ಟರಲ್ಲಿ ಹರೆಯದವರು ಬರುವುದು ನಿಂತಿತ್ತು.

ಅದಕ್ಕಿಂತ ದೊಡ್ಡ ಅನ್ಯಾಯ ಏಪ್ರಿಲ್‌ನಲ್ಲಿ ಆಯಿತು. ಬಳಗಕ್ಕೆ ಒಬ್ಬ ನಿವೃತ್ತ ನರ್ಸ್ ಬರುತ್ತಿದ್ದರು, ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದೆವು. 'ಮರಳಿ ಮಣ್ಣಿಗೆ'ಯ ಸಭೆಗೆ ಅವರು ಮಡಿಚಿದ ಹಾಳೆಯೊಂದನ್ನು ತಂದಿದ್ದರು. ರಾಮ ಐತಾಳ, ಪಾರೋತಿ, ಸರಸೋತಿ, ಸತ್ಯಭಾಮೆ, ಲಚ್ಚ, ಯಾರು ಯಾರಿಗೆ ಏನಾಗಬೇಕು ಎಂದು ಗೆರೆ ಎಳೆದು ಬರೆದುಕೊಂಡಿದ್ದರು. ಓದಿದ್ದು ಮೂರನೇ ಒಂದು ಭಾಗದಷ್ಟು. "ಮೇಷ್ಟ್ರೇ, ಐತಾಳರು ಪೌರೋಹಿತ್ಯ ಅಂತ ಊರೂರು ತಿರುಗ್ತಾರೆ, ಮನೆ ನಡೆಯೋದು ಆ ಇಬ್ಬರು ಹೆಂಗಸರ ರಟ್ಟೆಯಿಂದ. ಒಬ್ಬಳಿಗೆ ಮಕ್ಕಳಿಲ್ಲ, ಇನ್ನೊಬ್ಬಳಿಗೆ ಗಂಡನಿಲ್ಲ. ಅವರಿಗೆ ಅಂತ ಏನಿದೆ ಆ ಮನೇಲಿ?" ಎಂದು ಮಾತು ತೆಗೆದರು. ನಾನು ಮೂರು ತಲೆಮಾರಿನ ಕಥನ, ಪೇಟೆಯ ಸೆಳೆತ, ಮಣ್ಣಿಗೆ ಮರಳುವ ಮೊಮ್ಮಗ ರಾಮ, ಇವುಗಳ ಮೇಲೆ ಮಾತಾಡಲು ಟಿಪ್ಪಣಿ ಮಾಡಿಕೊಂಡು ಹೋಗಿದ್ದೆ. "ಸಿಸ್ಟರ್, ಪೂರ್ತಿ ಓದಿದವರು ಮೊದಲು ಮಾತಾಡಲಿ, ನೀವು ಮುಗಿಸಿಕೊಂಡು ಬನ್ನಿ" ಅಂದುಬಿಟ್ಟೆ. ಅವರು ಹಾಳೆಯನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡರು. ಸಭೆ ಮುಗಿಯುವವರೆಗೂ ಕೂತಿದ್ದರು.

ಮತ್ತೆ ಅವರು ಬರಲಿಲ್ಲ. ಬಹಳ ದಿನಗಳಾದ ಮೇಲೆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕಾಫಿ ಕೊಟ್ಟರು, ಚೆನ್ನಾಗಿ ಮಾತಾಡಿಸಿದರು, ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಕಾರಂತರ ಆ ಕಾದಂಬರಿಯನ್ನು ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿದರೂ, ಪಾರೋತಿ ಮತ್ತು ಸರಸೋತಿಯರ ಬಗ್ಗೆ ಸಿಸ್ಟರ್ ಕೇಳಿದ ಪ್ರಶ್ನೆಯನ್ನು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಆ ಸಂಜೆ ಪೂರ್ತಿ ಅದೊಂದನ್ನೇ ಮಾತಾಡಿದ್ದರೂ ಸಾಕಿತ್ತು.

ತಿಂಗಳಿಗೊಂದು ಎಂಬ ಹಟವೂ ತಪ್ಪು. ಏಳುನೂರು ಪುಟದ ಆಸುಪಾಸಿನ 'ಮಲೆಗಳಲ್ಲಿ ಮದುಮಗಳು' ಕಾದಂಬರಿಗೂ ಒಂದೇ ತಿಂಗಳು, ಅದರ ಕಾಲುಭಾಗವೂ ಇಲ್ಲದ 'ಸಂಸ್ಕಾರ'ಕ್ಕೂ ಒಂದೇ ತಿಂಗಳು. 'ಮದುಮಗಳು' ಅವಸರದ ಓದಿಗೆ ಒಗ್ಗುವುದೇ ಇಲ್ಲ. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡುದಾರಿಯಲ್ಲಿ ನಡೆಯುತ್ತಾನೆ, ಕಥೆ ಅವನನ್ನು ಬಿಟ್ಟು ಯಾವುದೋ ಮನೆಯ ಜಗಲಿ ಹತ್ತುತ್ತದೆ, ಇನ್ಯಾರದೋ ಬಿಡಾರಕ್ಕೆ ಇಳಿಯುತ್ತದೆ. ಗುತ್ತಿ–ತಿಮ್ಮಿ, ಮುಕುಂದಯ್ಯ–ಚಿನ್ನಮ್ಮ, ಐತ–ಪೀಂಚಲು, ಯಾರನ್ನೂ ಕುವೆಂಪು ಪಕ್ಕಕ್ಕೆ ಸರಿಸುವುದಿಲ್ಲ. ಅಷ್ಟು ಜನರ ಜೊತೆ ನೆಂಟತನ ಬೆಳೆಯಲು ಹೊತ್ತು ಬೇಕು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಇದನ್ನು ರಂಗಕ್ಕೆ ತಂದಾಗ ರಾತ್ರಿಯಿಡೀ ಆಡಿಸಿದರು, ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆದು ನೋಡಿದರು. ಎರಡು ಗಂಟೆಗೆ ಇಳಿಸಿದ್ದರೆ ಅದು ಬೇರೆಯೇ ನಾಟಕವಾಗುತ್ತಿತ್ತು. ಅದೆಲ್ಲ ತಿಳಿದಿದ್ದೂ ನಾನು ಆಗಸ್ಟಿನ ಚೌಕಟ್ಟಿಗೆ ಅದನ್ನು ತುರುಕಿದೆ. ಆ ಸಭೆಗೆ ಬಂದ ಬೆರಳೆಣಿಕೆಯ ಜನರಲ್ಲಿ ಅರ್ಧ ದಾಟಿದವರು ಯಾರೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಸಭೆಯನ್ನೇ ಕರೆಯಲಿಲ್ಲ.

ಹಾಗೆ ನಿಂತದ್ದರಿಂದ 'ಗೃಹಭಂಗ'ಕ್ಕೂ 'ಕರ್ವಾಲೊ'ಗೂ ನಾವು ತಲುಪಲೇ ಇಲ್ಲ. ಇದು ನನ್ನನ್ನು ಹೆಚ್ಚು ಕಾಡುತ್ತದೆ, ಯಾಕೆಂದರೆ ಹಾಸನದ ಓದುಗರು ನಿರಾಯಾಸವಾಗಿ ಒಳಹೊಗಬಹುದಾದ ಮನೆಗಳು ಅವೇ. 'ಕರ್ವಾಲೊ' ಬರೆದ ತೇಜಸ್ವಿಯವರ ಮೂಡಿಗೆರೆ ಸಕಲೇಶಪುರದ ಪಕ್ಕದ ಸೀಮೆ. ಜೇನು ಸೊಸೈಟಿ, ಮಂದಣ್ಣ, ಗದ್ದೆಯ ಜಂಜಾಟ ಎಂದು ಶುರುವಾದ ಕಥೆ ಹಾರುವ ಓತಿಯ ಬೆನ್ನುಹತ್ತಿ ಲಕ್ಷಾಂತರ ವರ್ಷಗಳ ಹಿಂದಕ್ಕೆ ನಮ್ಮನ್ನು ಕರೆದುಕೊಂಡು ಹೋಗುತ್ತದೆ. 'ಗೃಹಭಂಗ'ದ ನಂಜಮ್ಮ ಶ್ಯಾನುಭೋಗಿಕೆಯ ಲೆಕ್ಕ ಬರೆದು, ಬರಗಾಲ, ಪ್ಲೇಗು ಎಲ್ಲವನ್ನೂ ಎದುರಿಸಿ ಸಂಸಾರ ಕಾಯುವವಳು. ಭೈರಪ್ಪನವರು ಹುಟ್ಟಿ ಬೆಳೆದ ಚನ್ನರಾಯಪಟ್ಟಣದ ಕಡೆಯ ಮಾತು ಅಲ್ಲಿ ಕಿವಿಗೆ ಬೀಳುತ್ತದೆ. ಇಂಥವನ್ನು ಇಸವಿಯ ನೆಪದಲ್ಲಿ ವರ್ಷದ ಕೊನೆಗೆ ತಳ್ಳಿದ್ದೆ.

ಬಳಗ ಮತ್ತೆ ಶುರುವಾದದ್ದು ಹೆಚ್ಚೂಕಡಿಮೆ ಎರಡು ವರ್ಷದ ಮೇಲೆ, ಬೇರೊಬ್ಬರ ಮನೆಯ ಮಹಡಿಯಲ್ಲಿ, ನನ್ನ ಉಸ್ತುವಾರಿ ಇಲ್ಲದೆ. ಅಲ್ಲೇ 'ಕುಸುಮಬಾಲೆ' ಓದಿದ್ದು. ತೆಳ್ಳನೆಯ ಪುಸ್ತಕ, ಡಿಸೆಂಬರಿನ ರಜೆಯಲ್ಲಿ ಹಗುರಾಗಿ ಮುಗಿಯುತ್ತದೆ ಎಂಬ ಎಣಿಕೆಯಿಂದ ಹಿಂದೆ ಅದನ್ನು ಕೊನೆಗಿಟ್ಟಿದ್ದವನು ನಾನು. ಪುಟ ಕಡಿಮೆ, ಕಷ್ಟ ಹೆಚ್ಚು. ದೇವನೂರ ಮಹಾದೇವರು ಬರೆದಿರುವುದು ನಂಜನಗೂಡು ಸೀಮೆಯ ಆಡುನುಡಿಯಲ್ಲಿ, ಗದ್ಯವೋ ಹಾಡೋ ಎಂದು ಗೆರೆ ಎಳೆಯಲಾಗದ ಲಯದಲ್ಲಿ. ಮನಸ್ಸಿನಲ್ಲೇ ಓದಿಕೊಂಡು ಬಂದವರು ಒಂದೂ ಹತ್ತಲಿಲ್ಲ ಎಂದರು. ಆಗ ಮೂಲೆಯಲ್ಲಿ ಕೂತಿದ್ದ ಬಸ್ ಕಂಡಕ್ಟರ್ ಒಬ್ಬರು, ನಂಜನಗೂಡಿನ ಕಡೆಯವರೇ, "ಕೊಡಿ ಸಾ, ನಾನ್ ಓದ್ತೀನಿ" ಎಂದು ಪುಸ್ತಕ ತೆಗೆದುಕೊಂಡು, ರಾತ್ರಿ ಹೊತ್ತು ದೀಪದ ಜೋತಮ್ಮಗಳು ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುವ ಭಾಗವನ್ನು ಓದಿದರು. ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂಬುದು ಅವರ ನಾಲಿಗೆಗೆ ಗೊತ್ತಿತ್ತು. ನನಗೆ ತೊಡಕಾಗಿ ಕಂಡಿದ್ದ ವಾಕ್ಯಗಳು ಅವರ ಬಾಯಲ್ಲಿ ಸರಾಗ ಬಂದವು. ಇನ್ನೊಂದು ಪುಟ ಓದಿ ಎಂದು ಕೇಳುತ್ತಾ ಕೇಳುತ್ತಾ ಊಟದ ಹೊತ್ತು ಮೀರಿತು.

ಅಂದಿನಿಂದ ಪಟ್ಟಿಯ ಬಗ್ಗೆ ನನ್ನ ಯೋಚನೆಯೇ ಬದಲಾಗಿದೆ. ಯಾವ ಪುಸ್ತಕ ಎಂಬುದಷ್ಟೇ ಸಾಲದು, ಯಾರು, ಯಾವಾಗ, ಹೇಗೆ ಓದುವುದು ಎಂಬುದನ್ನೂ ಕೂಡಿಯೇ ಕೇಳುತ್ತೇನೆ. ಎರಡು ತುಂಬು ಸಂಸಾರದ ಕಾದಂಬರಿಗಳನ್ನು ಒಂದರ ಬೆನ್ನಿಗೆ ಒಂದಿಡುವುದಿಲ್ಲ. ಹೆಗ್ಗಡಿತಿಯ ಕಾನೂರು, 'ಮರಳಿ ಮಣ್ಣಿಗೆ'ಯ ಕೋಡಿ, 'ಗ್ರಾಮಾಯಣ'ದ ಪಾದಳ್ಳಿ ಎಲ್ಲವೂ ಒಂದೇ ಊರಾಗಿ ಕಲಸಿಹೋಗುತ್ತವೆ. ಅರ್ಧ ಓದಿದವರು ಮೊದಲು ಮಾತಾಡಬೇಕೆಂಬ ರೂಢಿ ಈಗ ಬಳಗದಲ್ಲಿದೆ, ಏಕೆಂದರೆ ಮುಂದೇನೆಂದು ತಿಳಿಯದವರ ಪ್ರಶ್ನೆಗೆ ಬೇರೆಯದೇ ಬೆಲೆಯುಂಟು.

ಹಾಗಾಗಿ ಈ ಸಲದ ಪಟ್ಟಿ ಚಿಕ್ಕದು. ಜನವರಿಗೆ 'ಕರ್ವಾಲೊ'. ಆಮೇಲೆ ತ್ರಿವೇಣಿಯವರ 'ಶರಪಂಜರ'. ಹಿಂದಿನ ಪಟ್ಟಿಯಲ್ಲಿ ಒಬ್ಬ ಲೇಖಕಿಯೂ ಇರಲಿಲ್ಲವೆಂಬುದನ್ನು ಬಳಗದ ಹುಡುಗಿಯೊಬ್ಬಳು ತೋರಿಸಿಕೊಡುವವರೆಗೆ ನನಗೆ ಹೊಳೆದೇ ಇರಲಿಲ್ಲ. ಮಳೆಗಾಲ ಪೂರ್ತಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, 'ಮಲೆಗಳಲ್ಲಿ ಮದುಮಗಳು' ಒಂದೇ. 'ಇಂದಿರಾಬಾಯಿ' ನವೆಂಬರಿಗೆ. ಉಳಿದ ತಿಂಗಳುಗಳನ್ನು ಖಾಲಿ ಬಿಟ್ಟಿದ್ದೇನೆ, ಬಳಗದವರು ತಮಗೆ ಬೇಕಾದ್ದನ್ನು ತರಲಿ ಎಂದು.

ಒಂದು ವಿಷಯ ಮಾತ್ರ ಇತ್ಯರ್ಥವಾಗಿಲ್ಲ. ಮಹಾಭಾರತದ ಕಥೆಯ 'ಪರ್ವ' ಇರಲಿ ಎಂದು ಕೆಲವರು, ಕುಮಾರವ್ಯಾಸನ ಭಾರತ ಇರಲಿ ಎಂದು ಕೆಲವರು. ನನ್ನ ಆಸೆ ಎರಡನ್ನೂ ಜೊತೆಗೆ ಓದಬೇಕೆಂಬುದು: ಕರ್ಣನಿಗೆ ಕೃಷ್ಣ ಹುಟ್ಟಿನ ಗುಟ್ಟು ಹೇಳುವ ಉದ್ಯೋಗಪರ್ವದ ಷಟ್ಪದಿಗಳನ್ನು ಒಬ್ಬ ಗಮಕಿಯಿಂದ ಹಾಡಿಸಿ ಕೇಳುವುದು, ಅದೇ ಕರ್ಣನನ್ನು ಭೈರಪ್ಪನವರು ಹೇಗೆ ಕಂಡರೆಂದು ಆ ಸಂಜೆಯೇ ಓದಿ ನೋಡುವುದು. ಭಾಮಿನಿ ನಮಗೆಲ್ಲಿ ಅರ್ಥವಾಗುತ್ತದೆ ಎಂದು ಕಂಡಕ್ಟರ್ ಹಿಂಜರಿಯುತ್ತಿದ್ದಾರೆ. ಮುಂದಿನ ಭಾನುವಾರ ಎಲ್ಲರೂ ಕೂತು ಮಾತಾಡಿ ಗೊತ್ತುಮಾಡುತ್ತೇವೆ.