ಸಂಶೋಧನೆಗೆ ಊರಾವುದು?

ಎಂ.ಎ. ಮುಗಿಸಿದ ಹೊರನಾಡಿನ ಕನ್ನಡ ವಿದ್ಯಾರ್ಥಿಯನ್ನು ಕಾಡುವ ಒಂದು ಪ್ರಶ್ನೆ ಒಳನಾಡಿನ ವಿದ್ಯಾರ್ಥಿಯನ್ನು ಅಷ್ಟಾಗಿ ಕಾಡುವುದಿಲ್ಲ. ಪಿಎಚ್.ಡಿ. ಮಾಡಬೇಕು, ಸರಿ, ಆದರೆ ಎಲ್ಲಿ? ಮೈಸೂರಿನವರಿಗೆ ಮೈಸೂರು, ಧಾರವಾಡದವರಿಗೆ ಧಾರವಾಡ ತಾನಾಗಿಯೇ ಒದಗಿಬರುತ್ತದೆ. ಮುಂಬಯಿಯಲ್ಲೋ ಚೆನ್ನೈಯಲ್ಲೋ ಹುಟ್ಟಿ ಬೆಳೆದವರ ಮನಸ್ಸಿನಲ್ಲಿ ಮಾತ್ರ, ನಿಜವಾದ ಕನ್ನಡ ವಿದ್ಯೆ ಗಡಿಯ ಆಚೆಗೇ ಇದೆ, ಇಲ್ಲಿರುವುದು ಅದರ ನೆರಳು ಎಂಬ ಅಳುಕೊಂದು ಸದಾ ಇರುತ್ತದೆ.

ಕಲೀನಾದ ವಿದ್ಯಾನಗರಿಯಲ್ಲಿ ಎಂ.ಎ. ಓದಿದ ಒಬ್ಬ ವಿದ್ಯಾರ್ಥಿನಿಗೂ ಈ ಅಳುಕು ಇತ್ತು. ಆಕೆಯ ತಂದೆ ಹದಿಮೂರನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು ಹೋಟೆಲೊಂದರಲ್ಲಿ ಮೇಜು ಒರೆಸುವ ಕೆಲಸಕ್ಕೆ ನಿಂತವರು. ಕನ್ನಡ ರಾತ್ರಿಶಾಲೆಯಲ್ಲಿ ಓದಿ ಎಸ್.ಎಸ್.ಸಿ. ದಾಟಿದವರು. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ-ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಇವೆಲ್ಲದರ ನಡುವೆ ಕನ್ನಡವನ್ನು ಆಕೆ ಹಟದಿಂದಲೇ ಉಳಿಸಿಕೊಂಡಿದ್ದಳು. ನೆಟ್ ಪರೀಕ್ಷೆಯಲ್ಲಿ ಸಂಶೋಧನ ವೇತನವೂ ದೊರೆತಾಗ, ಇನ್ನು ಕರ್ನಾಟಕಕ್ಕೆ ಹೋಗುವುದೇ ಸರಿ ಎಂದು ನಿಶ್ಚಯಿಸಿಬಿಟ್ಟಳು.

ಆ ನಿಶ್ಚಯಕ್ಕೆ ಕಾರಣಗಳಿಲ್ಲದೆ ಇರಲಿಲ್ಲ. ಮೈಸೂರಿನಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ. ಹಂಪಿಯಲ್ಲಿ ಸಂಶೋಧನೆಯನ್ನೇ ಮುಖ್ಯ ಉದ್ದೇಶವಾಗಿಸಿಕೊಂಡು 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಇದೆ. ಧಾರವಾಡಕ್ಕೆ ಹೋದರೆ ಹಾಸ್ಟೆಲು, ಗ್ರಂಥಾಲಯ, ಸಂಜೆಯ ಹೊತ್ತು ಚಹಾ ಕುಡಿಯುತ್ತ ವಾದಿಸಲು ಹತ್ತಾರು ಮಂದಿ ಜೊತೆಗಾರರು. ಮುಂಬಯಿಯಲ್ಲಾದರೋ ಒಂದೇ ಕೋಣೆಯ ಮನೆ, ದಿನಕ್ಕೆ ಮೂರು ಗಂಟೆ ಲೋಕಲ್ ಪ್ರಯಾಣ, ಬೇಕಾದ ಪುಸ್ತಕಕ್ಕಾಗಿ ಊರಿನಿಂದ ಬರುವವರ ದಾರಿ ಕಾಯುವುದು. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಒಳನಾಡಿನ ಆಯ್ಕೆ ಸಮಿತಿಗಳು ಹೊರನಾಡಿನ ಪದವಿಯನ್ನು ಹೇಗೆ ಕಂಡಾವು ಎಂಬ ಶಂಕೆ ಬೇರೆ. ಇವುಗಳಲ್ಲಿ ಯಾವುದನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಊರನ್ನು ನಿಶ್ಚಯಿಸುವಾಗ ಆಕೆಯ ಬಳಿ ವಿಷಯವೇ ಇರಲಿಲ್ಲ. ಪಂಪನ ಕಾವ್ಯಗಳ ಸ್ತ್ರೀಪಾತ್ರಗಳು ಎಂದು ನಾಲ್ಕು ಪುಟದ ಸಾರಲೇಖ ಬರೆದಿಟ್ಟಿದ್ದಳು. ಅದರಲ್ಲಿ ಅವಳದೇ ಆದ ಪ್ರಶ್ನೆ ಒಂದೂ ಇರಲಿಲ್ಲ. ಎಲ್ಲರೂ ಬರೆಯುವಂಥದು, ಆದ್ದರಿಂದ ಎಲ್ಲಿಯಾದರೂ ಬರೆಯಬಹುದಾದಂಥದು.

ಇಲ್ಲಿ ಕೊಂಚ ಹಿಂದಿರುಗಿ ನೋಡುವುದು ಲೇಸು. ಕನ್ನಡ ಶಾಸನಗಳ ಭಾಷೆಯನ್ನು ಕುರಿತು ನಡೆದ ಮೂರು ಮುಖ್ಯ ಅಧ್ಯಯನಗಳ ಹಿಂದಿನ ಊರುಗಳನ್ನು ಗಮನಿಸಬೇಕು. ಅತ್ಯಂತ ಪ್ರಾಚೀನ ಶಾಸನಗಳ ವ್ಯಾಕರಣವನ್ನು ಎ.ಎನ್. ನರಸಿಂಹಯ್ಯನವರು ಲಂಡನ್ ವಿಶ್ವವಿದ್ಯಾಲಯದಲ್ಲಿ ಸಿದ್ಧಪಡಿಸಿದರು. ಮೈಸೂರು ವಿಶ್ವವಿದ್ಯಾಲಯ ಅದನ್ನು 1941ರಲ್ಲಿ ಪ್ರಕಟಿಸಿತು. 8, 9 ಮತ್ತು 10ನೆಯ ಶತಮಾನಗಳ ಶಾಸನಗಳನ್ನು ಆಧರಿಸಿದ ಜಿ.ಎಸ್. ಗಾಯಿಯವರ ಚಾರಿತ್ರಿಕ ವ್ಯಾಕರಣ 1946ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂತು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಶಾಸನಗಳನ್ನು ಕುರಿತ ಕೆ. ಕುಶಾಲಪ್ಪ ಗೌಡರ ವ್ಯಾಕರಣವನ್ನು 1972ರಲ್ಲಿ ಪ್ರಕಟಿಸಿದ್ದು ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯ. ಕನ್ನಡದ ಬೇರನ್ನು ಅರಸಿದವರಿಗೆ ಕನ್ನಡನಾಡಿನ ಹೊರಗಿನ ಊರುಗಳು ನೆರವಾದದ್ದೇಕೆ? ಆಗ ಭಾಷಾವಿಜ್ಞಾನದ ಶಿಸ್ತು ಅಲ್ಲಿತ್ತು. ಅವರ ಪ್ರಶ್ನೆಗೆ ಆ ಶಿಸ್ತು ಬೇಕಾಗಿತ್ತು. ಅದೇ ಶಾಸನಗಳಿಂದ ಜನಜೀವನದ ಚಿತ್ರವನ್ನು ಕಟ್ಟಹೊರಟ ಎಂ. ಚಿದಾನಂದಮೂರ್ತಿಯವರಿಗೆ ಮೈಸೂರೇ ತಕ್ಕ ಸ್ಥಳವಾಯಿತು. ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪ್ರಕಟವಾಯಿತು. ಆಕರ ಒಂದೇ, ಪ್ರಶ್ನೆ ಬೇರೆ, ಆದ್ದರಿಂದ ಊರೂ ಬೇರೆ. ಅಷ್ಟೇಕೆ, ಕರ್ನಾಟಕ ವಿಶ್ವವಿದ್ಯಾಲಯವೇ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ತೆರಳಿತು. ಒಳನಾಡು ಹೊರನಾಡುಗಳ ಗೆರೆ ವಿದ್ಯೆಯ ಮಟ್ಟಿಗೆ ಎಂದೂ ಅಷ್ಟು ಗಟ್ಟಿಯಾಗಿರಲಿಲ್ಲ.

ವಿದ್ಯಾರ್ಥಿನಿಗೆ ಪ್ರಶ್ನೆ ದೊರೆತದ್ದು ಆಕಸ್ಮಿಕವಾಗಿ. ತಂದೆ ಓದಿದ ರಾತ್ರಿಶಾಲೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಶಾಲೆಯಿದ್ದ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತದೆ, ಕಪಾಟಿನಲ್ಲಿರುವ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ ಯಾರಾದರೂ ನೋಡುವುದಿದ್ದರೆ ನೋಡಬಹುದು ಎಂದು ಅಲ್ಲಿನ ನಿವೃತ್ತ ಮಾಸ್ತರರು ಹೇಳಿಕಳುಹಿಸಿದರು. ಕಪಾಟಿನಲ್ಲಿ ಮಕ್ಕಳು ತಂದ ಕೈಬರಹದ ಪತ್ರಿಕೆಗಳ ಸಂಚಿಕೆಗಳಿದ್ದವು, ನಾಟಕದ ಹಸ್ತಪ್ರತಿಗಳಿದ್ದವು, ಹಾಜರಿ ಪುಸ್ತಕಗಳಿದ್ದವು. ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರು, ಊರು, ದುಡಿಯುವ ಹೋಟೆಲು ಎಂದು ಮೂರು ಅಂಕಣಗಳು. ಒಂದು ಪುಟದಲ್ಲಿ ಆಕೆಯ ತಂದೆಯ ಹೆಸರೂ ಇತ್ತು. ಶನಿವಾರಗಳಂದು ಸಾಲಾಗಿ ಗೈರುಹಾಜರಿ. ಮನೆಗೆ ಬಂದು ಕೇಳಿದಾಗ ಅವರು, ಶನಿವಾರ ಗಿರಾಕಿ ಹೆಚ್ಚು, ಮಾಲಿಕರು ಬಿಡುತ್ತಿರಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾದರು.

ಹಗಲೆಲ್ಲ ದುಡಿದು ರಾತ್ರಿ ಒಂಬತ್ತಕ್ಕೆ ಪಾಟಿ ಹಿಡಿದ ಆ ಹುಡುಗರು ಯಾವ ಕನ್ನಡವನ್ನು ಬರೆದರು, ಯಾರಿಗಾಗಿ ಬರೆದರು? ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರ ಕಾದಂಬರಿಗಳಲ್ಲಿ ಮುಂಬಯಿ ಕನ್ನಡ ಸಾಹಿತ್ಯಕ್ಕೆ ಬಂದದ್ದನ್ನು ಎಲ್ಲರೂ ಬಲ್ಲರು. ಈ ಹುಡುಗರ ಬರಹವನ್ನು ಹುಡುಕಿದವರು ವಿರಳ. ಈ ಪ್ರಶ್ನೆಗೆ ಬೇಕಾದ ಆಕರ ಮೈಸೂರಿನಲ್ಲಿ ಇರಲಿಲ್ಲ. ಹಾಗೆಂದು ಮುಂಬಯಿಯೇ ಎಲ್ಲಕ್ಕೂ ಸಾಕು ಎಂದು ಹೇಳಲಾಗದು. ಓಲೆಗರಿಯ ಕಾವ್ಯವನ್ನು ಸಂಪಾದಿಸಹೊರಟವರು ಹಸ್ತಪ್ರತಿ ಭಂಡಾರವಿರುವ ಕಡೆಗೆ ಹೋಗಲೇಬೇಕು.

ಊರಿನಷ್ಟೇ ಮುಖ್ಯವಾದದ್ದು ಮಾರ್ಗದರ್ಶಕರ ಆಯ್ಕೆ. 2022ರ ಯು.ಜಿ.ಸಿ. ನಿಯಮಾವಳಿಯಂತೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಅಭ್ಯರ್ಥಿಗಳಿಗಷ್ಟೇ ಏಕಕಾಲಕ್ಕೆ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷವೂ ಉಳಿದಿಲ್ಲದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಎರಡು ಮೂರು ಮಂದಿ ಅಧ್ಯಾಪಕರ ಹೊರನಾಡಿನ ವಿಭಾಗಗಳಲ್ಲಿ ಇದರ ಅರ್ಥವೇನೆಂಬುದು ಸ್ಪಷ್ಟ. ಹೆಸರಾಂತ ವಿದ್ವಾಂಸರಾಗಿದ್ದೂ ಅಧ್ಯಾಯವನ್ನು ಓದಲು ಬಿಡುವಿಲ್ಲದವರು ಇರುತ್ತಾರೆ. ಹೆಸರಿಲ್ಲದೆಯೂ ಪ್ರತಿ ವಾಕ್ಯವನ್ನು ತಿದ್ದುವವರಿರುತ್ತಾರೆ. ಶೋಧಗಂಗಾ ಭಂಡಾರದಲ್ಲಿ ಮಹಾಪ್ರಬಂಧಗಳು ಇಂದು ಮನೆಯಲ್ಲೇ ಓದಲು ಸಿಗುತ್ತವೆ. ಒಬ್ಬರ ಕೈಕೆಳಗೆ ಸಿದ್ಧವಾದ ಎರಡು ಪ್ರಬಂಧಗಳನ್ನು ಓದಿ, ಅವನ್ನು ಬರೆದವರನ್ನು ಮಾತನಾಡಿಸಿದರೆ ತಿಳಿಯುವಷ್ಟು ಪ್ರವೇಶಪತ್ರದ ಕೈಪಿಡಿಯಿಂದ ತಿಳಿಯದು.

ವಿದ್ಯಾರ್ಥಿನಿ ಕೊನೆಗೆ ಮುಂಬಯಿಯಲ್ಲೇ ನೋಂದಾಯಿಸಿಕೊಂಡಳು. ಸ್ಥಳ ತೆರವಾಗುವವರೆಗೆ ಒಂದು ವರ್ಷ ಕಾಯಬೇಕಾಯಿತು. ರಜೆಯಲ್ಲಿ ಧಾರವಾಡಕ್ಕೆ ಹೋಗಿ ತಿಂಗಳುಗಟ್ಟಲೆ ಓದಿದಳು. ಅಲ್ಲಿಯ ಸಂಜೆಯ ಚರ್ಚೆಗಳನ್ನು ಕಂಡು, ಕಳೆದುಕೊಂಡದ್ದೇನು ಎಂಬುದೂ ಅವಳಿಗೆ ತಿಳಿಯಿತು. ಆ ಕೊರತೆಯನ್ನು ಆಕೆ ಯಾರ ಮುಂದೆಯೂ ಮರೆಮಾಚಲಿಲ್ಲ.

ಕಟ್ಟಡ ಕೆಡವುವ ಮುನ್ನ ಮಾಸ್ತರರೂ ಆಕೆಯೂ ಸೇರಿ ಹನ್ನೊಂದು ಕಟ್ಟುಗಳನ್ನು ಮನೆಗೆ ಸಾಗಿಸಿದರು. ಇನ್ನೆರಡು ಕಟ್ಟುಗಳು ಅದಕ್ಕೂ ಮೊದಲೇ ರದ್ದಿಯವನ ಗಾಡಿ ಸೇರಿದ್ದವು. ಉಳಿದವು ಒಂದೇ ಕೋಣೆಯ ಆ ಮನೆಯಲ್ಲಿ ಮಂಚದ ಕೆಳಗೆ ಪ್ಲಾಸ್ಟಿಕ್ ಹೊದಿಸಿಕೊಂಡು ಇವೆ. ಮಳೆಗಾಲ ಮುಗಿದೊಡನೆ ಅವನ್ನು ಬಿಸಿಲಿಗೆ ಹರಡುವ ಕೆಲಸವನ್ನು ತಂದೆ ತಾವೇ ವಹಿಸಿಕೊಂಡಿದ್ದಾರೆ.