ಲಾಲ್‌ಬಾಗಿನ ನೆರಳೂ ಮನೆಯಂಗಳದ ಪಾತಿಯೂ

1760ರಲ್ಲಿ ಹೈದರಾಲಿಯು ಆರಂಭಿಸಿ ಟಿಪ್ಪುಸುಲ್ತಾನನು ಬೆಳೆಯಿಸಿದ ಬೆಂಗಳೂರಿನ ಲಾಲ್‌ಬಾಗು ಈಗ ಸುಮಾರು 240 ಎಕರೆಗಳ ವಿಸ್ತಾರವುಳ್ಳದ್ದು. ಪ್ರೇಕ್ಷಕರು ಗಾಜಿನ ಮನೆಯನ್ನು ಕಂಡು ಸಂತುಷ್ಟರಾಗಿ ಹಿಂದಿರುಗುವುದುಂಟು. ಆದರೆ ಮೂರಡಿ ಅಗಲದ ನೆರಳುಪಾತಿಯೊಂದೇ ಉಳ್ಳ ಗೃಹಸ್ಥನು ಅಲ್ಲಿ ನೋಡತಕ್ಕದ್ದು, ಹೆಮ್ಮರಗಳ ಬುಡದಲ್ಲಿ ಯಾವುದು ಬದುಕುವುದು, ಯಾವುದು ಬಡವಾಗುವುದು ಎಂಬುದನ್ನು. ಸುತ್ತಲೂ ಮಹಡಿಗಳೆದ್ದು ಅಂಗಳಗಳು ಬಿಸಿಲನ್ನು ಕಳೆದುಕೊಳ್ಳುತ್ತಿರುವ ಪಟ್ಟಣದಲ್ಲಿ, ದೇವರ ಪೂಜೆಗೆ ಮನೆಯ ಹೂವೇ ಒದಗುವುದೋ, ಪೇಟೆಯನ್ನೇ ಕಾಯಬೇಕೋ ಎಂಬುದು ಈ ವಿವೇಚನೆಯನ್ನು ಅವಲಂಬಿಸಿದೆ.

ನೆರಳೆಲ್ಲವೂ ಒಂದೇ ಬಗೆಯದಲ್ಲ. ಮರದ ನೆರಳಿನಲ್ಲಿ ಬೇರುಗಳು ನೀರನ್ನು ಹೀರುವುದರಿಂದ ಮಣ್ಣು ಬೇಗ ಒಣಗುವುದು. ಗೋಡೆಯ ನೆರಳಿನಲ್ಲಿ ತೇವವು ನಿಂತು ಬೇರು ಕೊಳೆಯುವ ಭಯವುಂಟು. ಮತ್ತೊಂದು ವಿಶೇಷವನ್ನು ವಾಚಕರು ಗಮನಿಸಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಕಾರಣ, ಏಪ್ರಿಲ್ ಕಡೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆದಕಾರಣ ಮನೆಯ ಉತ್ತರದ ಪಾತಿಗೂ ಆ ದಿನಗಳಲ್ಲಿ ಬಿಸಿಲು ಬೀಳುವುದು. ಶೀತದೇಶದ ಗ್ರಂಥಗಳನ್ನು ನಂಬಿ ಬರಿಯ ನೆರಳನ್ನೇ ಸಹಿಸುವ ಗಿಡವನ್ನು ಅಲ್ಲಿ ನೆಟ್ಟರೆ ಅದರ ಎಲೆಗಳು ಸುಡುವುವು.

ಎರಡನ್ನೂ ತಾಳುವ ಗಿಡಗಳಲ್ಲಿ ಕನಕಾಂಬರವು ಮೊದಲನೆಯದು. ನಮ್ಮ ದಕ್ಷಿಣದೇಶಕ್ಕೂ ಸಿಂಹಳಕ್ಕೂ ಸಹಜವಾದ ಈ ಗಿಡವು ಎರಡು ಮೂರು ಅಡಿಗಳನ್ನು ಮೀರುವುದು ವಿರಳ; ಹೂವಿಗೆ ಪರಿಮಳವಿಲ್ಲ, ಆದರೆ ಮಾಲೆಯು ಬೇಗ ಬಾಡದು. ಗೋರಟೆಯೂ ಅರೆನೆರಳನ್ನು ಸಹಿಸುವುದು. ಅಮರಸಿಂಹನು ಇದರ ಕೆಂಪು ಜಾತಿಯನ್ನು ಕುರವಕವೆಂದೂ ಹಳದಿಯದನ್ನು ಕುರಂಟಕವೆಂದೂ ವಿಭಾಗಿಸಿದ್ದಾನೆ. ಹಳದಿ ಗೋರಟೆಗೆ ಮುಳ್ಳುಂಟು. ಮಕ್ಕಳು ಸುಳಿಯುವ ದಾರಿಯ ಅಂಚಿಗೆ ಅದು ಬೇಡ. ನಂದಿಬಟ್ಟಲು ಆಳೆತ್ತರವನ್ನೂ ಮೀರುವುದಾದ್ದರಿಂದ ಗಿಡ್ಡ ಜಾತಿಯನ್ನೇ ಕೇಳಿ ತರಬೇಕು. ಮಲ್ಲಿಗೆ, ಗುಲಾಬಿಗಳ ಆಶೆಯನ್ನು ಬಿಡುವುದೇ ಲೇಸು. ಬಿಸಿಲಿಲ್ಲದೆಡೆ ಅವು ಎಲೆಯಿಟ್ಟರೂ ಹೂವನ್ನು ಕೊಡಲು ಹಿಂಜರಿಯುವುವು. ಎಂದೂ ಬಿಸಿಲು ಕಾಣದ ಮೂಲೆಗೆ ಜರಿಗಿಡಗಳೇ ಸಾಕು.

ಗಿಡವನ್ನು ಕೊಳ್ಳುವ ಮುನ್ನ ಒಂದು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲಿನ ಅಂಚಿಗೆ ರಂಗೋಲಿಯ ಗೆರೆಯೆಳೆದು ನೋಡಿರಿ. ಎರಡಡಿಗೊಂದರಂತೆ ನೆಡಿರಿ, ಎಳೆಯ ಗಿಡಗಳ ನಡುವಣ ಬರಿಯ ನೆಲವನ್ನು ಕಂಡು ಇನ್ನಷ್ಟು ತುಂಬಬೇಡಿರಿ. ಬೆರಳಿಗೆ ಮಣ್ಣು ಒಣಗಿದಂತೆ ತೋರಿದ ಮೇಲೆಯೇ ನೀರೆರೆಯಿರಿ.