ಶನಿವಾರದ ಪಿಚ್ಚರ್, ಸೋಮವಾರದ ಬಸ್ಸು

ಹಾರೋಹಳ್ಳಿಯ ಕಾಲೇಜೊಂದರಲ್ಲಿ ನಾವು ಚಿತ್ರ ಸಮಾಜ ಶುರು ಮಾಡಿದ್ದು ಸಿನಿಮಾ ಮೇಲಿನ ಪ್ರೀತಿಯಿಂದಲ್ಲ ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಅತಿಥಿ ಉಪನ್ಯಾಸಕರೊಬ್ಬರು ನಮಗೆ ಗೆಳೆಯರು. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಮಕ್ಕಳು ಬಸ್ಸಿಗೆ ಕಾಯುತ್ತಾ ಗೇಟಿನ ಹತ್ತಿರ ಸುಮ್ಮನೆ ನಿಂತಿರುತ್ತಾರೆ, ಏನಾದರೂ ಮಾಡೋಣ ಬನ್ನಿ ಎಂದರು. ನಮಗೂ ಶನಿವಾರ ಸುದ್ದಿ ಕಡಿಮೆ. ಹೂಂ ಅಂದೆವು. (ಇಲ್ಲಿ ‘ನಾವು’ ಅನ್ನುವುದು ದೊಡ್ಡಸ್ತಿಕೆಗಲ್ಲ. ಬೈಲೈನ್ ಸಿಗದ ಬಿಡಿ ಸುದ್ದಿಗಾರರಿಗೆ ‘ನಾನು’ ಬರೆಯುವ ಅಭ್ಯಾಸವೇ ತಪ್ಪಿಹೋಗಿರುತ್ತದೆ.)

ಡಿಪ್ಲೊಮಾ ಓದುವಾಗ ಹೆಗ್ಗೋಡಿನ ಕಥೆ ಕೇಳಿದ್ದೆವು. 1973ರಲ್ಲೇ ಕೆ.ವಿ. ಸುಬ್ಬಣ್ಣ ಅಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದ್ದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಆ ಊರಿಗೆ ಬಂದು ಸಿನಿಮಾ ನೋಡುವುದು ಹೇಗೆ ಅಂತ ಪಾಠ ಮಾಡಿದ್ದರು. ಅಡಿಕೆ ತೋಟದವರು ಸತ್ಯಜಿತ್ ರೇ, ಕುರೊಸಾವಾ ಸಿನಿಮಾ ಕೂತು ನೋಡಿದ್ದರು. ಅದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡು ಮರೆತಿದ್ದೆವು. ಈಗ ನಮ್ಮ ಮುಂದೆ ಇದ್ದದ್ದು ಒಂದು ಹಳೇ ಪ್ರೊಜೆಕ್ಟರ್, ಕಿಟಕಿಗೆ ಕಟ್ಟಲು ನೀಲಿ ಟಾರ್ಪಾಲು, ಮದುವೆ ಸೌಂಡ್ ಸಿಸ್ಟಂ ಅಂಗಡಿಯಿಂದ ಕಾಡಿ ಬೇಡಿ ತಂದ ಒಂದು ಸ್ಪೀಕರ್, ಹದಿನಾಲ್ಕು ಮಕ್ಕಳು. ಕನಕಪುರ ರಸ್ತೆಯಲ್ಲಿ ಹೋಗುವ ಲಾರಿಗಳ ಹಾರನ್ನು ಪ್ರತಿ ಸಿನಿಮಾಕ್ಕೂ ಹಿನ್ನೆಲೆ ಸಂಗೀತ.

ಮೊದಲ ಶನಿವಾರ ‘ಶೋಲೆ’ ಹಾಕಿದೆವು. ನಮ್ಮ ಜಿಲ್ಲೆಯ ಸಿನಿಮಾ ಅಲ್ಲವೇ. 1975ರ ಆಗಸ್ಟ್ 15ಕ್ಕೆ ತೆರೆಕಂಡದ್ದು, ರಾಮದೇವರ ಬೆಟ್ಟದ ಬುಡದಲ್ಲಿ ಊರಿನದೇ ಸೆಟ್ ಹಾಕಿದ್ದರು, ಹೆದ್ದಾರಿಯಿಂದ ಅಲ್ಲಿಗೆ ರಸ್ತೆ ಮಾಡಿಸಿಕೊಂಡಿದ್ದರು ಅಂತ ಉತ್ಸಾಹದಿಂದ ಭಾಷಣ ಮಾಡಿದೆವು. ಹದಿನಾಲ್ಕರಲ್ಲಿ ಹನ್ನೊಂದು ಜನ ಆ ಬೆಟ್ಟ ಹತ್ತಿದ್ದರು, ಸಿನಿಮಾ ಪೂರ್ತಿ ನೋಡಿದವರು ಒಬ್ಬರೂ ಇಲ್ಲ. ಆದರೆ ಅದು ಮೂರು ಗಂಟೆಗಿಂತ ಉದ್ದದ ಸಿನಿಮಾ. ಐದೂ ಕಾಲಿಗೆ ಬಸ್ಸು. ಗಬ್ಬರ್ ಸಿಂಗ್ ಇನ್ನೂ ಬದುಕಿರುವಾಗಲೇ ಹುಡುಗಿಯರೆಲ್ಲ ಬ್ಯಾಗ್ ಎತ್ತಿಕೊಂಡು ಓಡಿದರು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೇನೋ ಉಳಿಯಿತು, ಬಸ್ಸಿನ ಟೈಮು ಬದಲಾಗಲಿಲ್ಲ. ಅವತ್ತಿಂದ ಯಾವ ಸಿನಿಮಾವನ್ನಾದರೂ ಎರಡು ಶನಿವಾರಕ್ಕೆ ಹಂಚಿ ತೋರಿಸುವುದು, ಉಳಿದ ಹೊತ್ತು ಮಾತಾಡುವುದು ಅಂತಾಯಿತು. ಚಿತ್ರಸಮಾಜದವರು ಕೇಳಿದರೆ ಬೈಯುತ್ತಾರೆ. ಆದರೆ ಆ ನಡುವಿನ ಏಳು ದಿನ ಮಕ್ಕಳು ಮುಂದೇನಾಗಬಹುದು ಅಂತ ಜಗಳವಾಡುತ್ತಿದ್ದುದೇ ನಮ್ಮ ಕ್ಲಬ್ಬಿನ ಜೀವ.

ಒಂದು ನೋಟ್‌ಬುಕ್ ಇಟ್ಟಿದ್ದೆವು. ಸಿನಿಮಾ ಮುಗಿದ ಮೇಲೆ ಪ್ರತಿಯೊಬ್ಬರೂ ಅದರಲ್ಲಿ ಅರ್ಧ ಪುಟ ಬರೆಯಬೇಕು. ಶುರುವಿನಲ್ಲಿ ಎಲ್ಲರೂ ‘ಚೆನ್ನಾಗಿತ್ತು’ ಅಂತ ಬರೆದು ಸಹಿ ಹಾಕಿದರು.

‘ತಿಥಿ’ ಹಾಕಿದಾಗ ಮಾತು ಬಂತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಎಂದೂ ನಟಿಸದ ಊರ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ ಸಿನಿಮಾ. ಪರದೆ ಮೇಲೆ ತಮ್ಮ ಮನೆಯ ಮಾತೇ ಕೇಳಿ ಮಕ್ಕಳು ಮೊದಲು ನಾಚಿದರು, ಆಮೇಲೆ ಬಿದ್ದು ಬಿದ್ದು ನಕ್ಕರು. ‘ಸಾರ್, ಗಡ್ಡಪ್ಪ ನಮ್ ದೊಡ್ಡಪ್ಪನೇ’ ಅಂತ ಮೂವರು ಬೇರೆ ಬೇರೆ ಊರಿನವರು ಬರೆದಿದ್ದರು.

‘ಚೋಮನ ದುಡಿ’ಗೆ ನಗು ಬರಲಿಲ್ಲ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ 1975ರ ಸಿನಿಮಾ. ಚೋಮನಿಗೆ ಎತ್ತಿದೆ, ಉಳಲು ಭೂಮಿ ಕೊಡುವವರಿಲ್ಲ. ಚರ್ಚೆಯಲ್ಲಿ ಒಬ್ಬ ಹುಡುಗ ಎದ್ದು, ಕೈಗಾರಿಕಾ ಪ್ರದೇಶಕ್ಕೆ ನಮ್ಮದೂ ಜಮೀನು ಹೋಯಿತು, ಈಗ ನಾವೂ ಚೋಮನೇ ಅಂದ. ಹಿಂದಿನ ಬೆಂಚಿನಿಂದ ಇನ್ನೊಬ್ಬ, ‘ಹೋಯ್ತು ಅಂತ ಹೇಳೋಕಾದ್ರೂ ನಿಮ್ಗೆ ಇತ್ತಲ್ಲ’ ಅಂದ. ಅಷ್ಟೇ. ಮೇಷ್ಟ್ರಿಗೂ ನಮಗೂ ಮುಂದೇನು ಹೇಳಬೇಕೋ ತಿಳಿಯಲಿಲ್ಲ, ಟಾರ್ಪಾಲು ಬಿಚ್ಚತೊಡಗಿದೆವು. ಇಬ್ಬರೂ ಎರಡು ವಾರ ಮಾತು ಬಿಟ್ಟರು. ಆದರೆ ಸ್ಪೀಕರ್ ತರುವುದು ಅವರಿಬ್ಬರ ಪಾಲಿನ ಕೆಲಸ. ಒಬ್ಬನ ಬಳಿ ಬೈಕಿತ್ತು, ಸ್ಪೀಕರ್ ತಬ್ಬಿಕೊಂಡು ಹಿಂದೆ ಕೂರಲು ಇನ್ನೊಬ್ಬ ಬೇಕಿತ್ತು. ಮಾತಿಲ್ಲದೆಯೇ ಎರಡು ಶನಿವಾರ ಸ್ಪೀಕರ್ ಬಂತು, ಹೋಯಿತು. ಮೂರನೆಯ ಶನಿವಾರ ಬೈಕ್ ಪಂಕ್ಚರ್ ಆಗಿ ತಳ್ಳಿಕೊಂಡು ಬರುವಷ್ಟರಲ್ಲಿ ಮಾತು ಶುರುವಾಗಿತ್ತು. ಏನು ಮಾತಾಡಿಕೊಂಡರೋ ನಮಗೆ ಹೇಳಲಿಲ್ಲ. ಈಗ ಇಬ್ಬರೂ ಒಂದೇ ಫ್ಯಾಕ್ಟರಿಯಲ್ಲಿ ಬೇರೆ ಬೇರೆ ಶಿಫ್ಟಿನಲ್ಲಿದ್ದಾರೆ, ಬೈಕು ಒಂದೇ.

ಇನ್ನು ನಾವು ಮಾಡಿದ ಕೆಲಸ.

ಕ್ಲಬ್ಬಿಗೆ ಐದಾರು ತಿಂಗಳಾಗಿತ್ತು. ಜಿಲ್ಲಾ ಪುಟಕ್ಕೆ ಐಟಂ ಕಡಿಮೆ ಬಿದ್ದ ವಾರ ಡೆಸ್ಕಿನವರು ಫೋನ್ ಮಾಡಿ ಏನಾದರೂ ‘ಪಾಸಿಟಿವ್’ ಕಳಿಸಿ ಎಂದರು. ನಮ್ಮ ಕ್ಲಬ್ಬೇ ಇದೆಯಲ್ಲ! ನಾಲ್ಕು ಪ್ಯಾರಾ, ಒಂದು ಫೋಟೊ. ಫೋಟೊದಲ್ಲಿ ಮುಂದಿನ ಬೆಂಚಿನಲ್ಲಿ ಪರದೆಯ ಬೆಳಕು ಮುಖಕ್ಕೆ ಬಿದ್ದು ಕೂತಿದ್ದವಳು ನಮ್ಮ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದ ಹುಡುಗಿ. ಅದಕ್ಕೇ ಆ ಫೋಟೊ ಆರಿಸಿದೆವು. ಕೇಳಬೇಕು ಅನ್ನಿಸಲೇ ಇಲ್ಲ. ಒಳ್ಳೆಯ ಸುದ್ದಿಗೆ ಯಾರು ಒಪ್ಪಿಗೆ ಕೇಳುತ್ತಾರೆ? ಊರಿನ ಹೆಸರನ್ನೂ ಹಾಕಿದ್ದೆವು. ಮಂಗಳವಾರ ಬಂದ ಪೇಪರಿನಲ್ಲಿ ‘ಬೆಳ್ಳಿತೆರೆಯ ಕನಸಲ್ಲಿ ಹಳ್ಳಿ ಹುಡುಗಿ’ ಅಂತ ತಲೆಬರಹ. ಅದು ಡೆಸ್ಕಿನದು ನಿಜ. ಆದರೆ ಫೋಟೊ, ಊರು, ಹೆಸರು ಮೂರೂ ನಮ್ಮವೇ.

ಆ ಶನಿವಾರ ಅವಳು ಬರಲಿಲ್ಲ. ಅವಳ ಗೆಳತಿ ನಮ್ಮ ಮುಖ ನೋಡದೆ, ‘ಅವ್ರಪ್ಪ ಬ್ಯಾಡ ಅಂದ್ರಂತೆ ಸಾರ್’ ಅಂದಳು. ಕಾಲೇಜೇ ಬಿಡಿಸುವ ಮಾತೂ ನಡೆದಿದೆ ಅಂತ ಆಮೇಲೆ ಗೊತ್ತಾಯಿತು.

ಮೇಷ್ಟ್ರನ್ನು ಕರೆದುಕೊಂಡು ಅವರ ಊರಿಗೆ ಹೋದೆವು. ರೇಷ್ಮೆ ಮನೆ. ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ, ಮನೆಯವರಿಗೆಲ್ಲ ಕೈತುಂಬ ಕೆಲಸ. ಹೋಗಬಾರದ ದಿನ ಹೋಗಿದ್ದೆವು. ಆದರೂ ಹುಡುಗಿಯ ತಂದೆ ಕೂರಿಸಿ ಕಾಫಿ ಕೊಡಿಸಿದರು. ನಾವು ತಪ್ಪಾಯಿತು ಅಂದೆವು.

‘ನಂಗೇನ್ ನಿಮ್ಮೇಲೆ ಕ್ವಾಪ ಇಲ್ಲ ಸಾ,’ ಅಂದರು. ‘ಗೂಡು ತಗೊಂಡು ರಾಮನಗರ ಮಾರ್ಕೆಟ್ಟಿಗೆ ಹೋದ್ರೆ ಅಲ್ಲೂ ಕೇಳ್ತಾರೆ, ಏನಪ್ಪ ಮಗಳು ಪಿಚ್ಚರ್‌ಗೆ ಸೇರವ್ಳಂತೆ ಅಂತ. ಒಬ್ರಿಗೆ ಹೇಳ್ಬೋದು, ಇಬ್ರಿಗೆ ಹೇಳ್ಬೋದು. ಪೇಪರ್ ಎಷ್ಟ್ ಜನ ಓದ್ತಾರೆ ನೀವೇ ಹೇಳಿ.’

ಹಾಗಲ್ಲ, ಸಿನಿಮಾ ನೋಡಿ ಚರ್ಚೆ ಮಾಡುವುದು ಅಷ್ಟೇ ಎಂದು ಮೇಷ್ಟ್ರು ವಿವರಿಸಿದರು. ಅವರು ತಲೆಯಾಡಿಸಿದರು. ಡಿಗ್ರಿ ಮುಗಿಸಲಿ, ಕಾಲೇಜು ಬಿಡಿಸಲ್ಲ, ಶನಿವಾರ ಮಾತ್ರ ಮಧ್ಯಾಹ್ನದ ಬಸ್ಸಿಗೇ ಮನೆಗೆ ಬರಬೇಕು ಅಂದರು. ಅದಕ್ಕಿಂತ ಹೆಚ್ಚು ಕೇಳುವ ಮುಖ ನಮಗಿರಲಿಲ್ಲ. ತಿದ್ದುಪಡಿ ಹಾಕಿಸಲೇ ಅಂತ ಒಮ್ಮೆ ಬಾಯಿಗೆ ಬಂತು. ಏನಂತ ತಿದ್ದುವುದು?

ಹೊರಡುವಾಗ ಅವಳ ತಾಯಿ ಹಣ್ಣುಹುಳ ಆರಿಸುತ್ತಿದ್ದವರು ತಲೆ ಎತ್ತದೆಯೇ ಕೇಳಿದರು, ‘ಆ ಸೈಕಲ್ಲು ಸಿಕ್ತಾ ಸಾರ್ ಅವನ್ಗೆ?’

ನಮಗೆ ಅರೆಗಳಿಗೆ ಹೊಳೆಯಲಿಲ್ಲ. ಆಗ ನಡೆಯುತ್ತಿದ್ದದ್ದು ‘ಬೈಸಿಕಲ್ ಥೀವ್ಸ್’. 1948ರ ಇಟಲಿ ಸಿನಿಮಾ, ಡಿ ಸಿಕಾ ನಿರ್ದೇಶನ. ಸೈಕಲ್ಲಿದ್ದರೆ ಮಾತ್ರ ಕೆಲಸ ಅಂತ ಷರತ್ತು, ಕೆಲಸಕ್ಕೆ ಸೇರಿದ ದಿನವೇ ಸೈಕಲ್ ಕಳವು, ಅಪ್ಪ ಮಗ ಊರೆಲ್ಲ ಹುಡುಕುತ್ತಾರೆ. ಅವಳು ಅರ್ಧ ನೋಡಿದ್ದಳು. ಉಳಿದರ್ಧದ ಶನಿವಾರ ಬರಲು ಆಗಿರಲಿಲ್ಲ. ಅಂದರೆ ಸೊಪ್ಪು ಕೊಯ್ಯುವಾಗಲೋ ಹುಳಕ್ಕೆ ಹಾಕುವಾಗಲೋ ಅಮ್ಮನಿಗೆ ನಮ್ಮ ಸಿನಿಮಾಗಳನ್ನೆಲ್ಲ ಹೇಳುತ್ತಿದ್ದಳು.

‘ಸಿಗಲಿಲ್ಲಮ್ಮ,’ ಅಂದೆವು.

‘ಅಯ್ಯೋ,’ ಅಂದರು.

ಕ್ಲಬ್ಬು ಆ ವರ್ಷದ ಕೊನೆಯವರೆಗೂ ನಡೆಯಿತು. ಮುಂದಿನ ವರ್ಷ ಮೇಷ್ಟ್ರಿಗೆ ಆ ಕಾಲೇಜು ಸಿಗಲಿಲ್ಲ. ಅತಿಥಿ ಉಪನ್ಯಾಸಕರ ಬದುಕು ಗೊತ್ತಲ್ಲ, ಪ್ರತಿ ವರ್ಷ ಹೊಸ ಪಟ್ಟಿ. ಅವರಿಲ್ಲದೆ ನಮ್ಮನ್ನು ಗೇಟಿನೊಳಗೆ ಬಿಡುವವರು ಯಾರು? ಟಾರ್ಪಾಲು ಮಡಚಿ ಸ್ಟೋರ್ ರೂಮಿಗೆ ಹೋಯಿತು, ನೋಟ್‌ಬುಕ್ ನಮ್ಮ ಮನೆಗೆ ಬಂತು. ಅದಾದ ಮೇಲೆ ಯಾರದೇ ಫೋಟೊ ಕಳಿಸುವ ಮುಂಚೆ ನಾವು ಎರಡು ಸಲ ಕೇಳುತ್ತೇವೆ. ಅದರಿಂದ ಮೂರು ನಾಲ್ಕು ಒಳ್ಳೆಯ ಸುದ್ದಿ ಕೈತಪ್ಪಿವೆ.

ನೋಟ್‌ಬುಕ್ ಪೂರ್ತಿ ಓದಿದ್ದು ಆಮೇಲೆಯೇ. ಅವಳು ಬರುವುದು ನಿಂತ ಮೇಲೂ ಅವಳ ಹೆಸರಿನಲ್ಲಿ ಪ್ರತಿ ಸಿನಿಮಾಕ್ಕೂ ಅರ್ಧ ಪುಟ ಇತ್ತು. ಅಕ್ಷರ ಗೆಳತಿಯದು. ಫೋನ್ ಮಾಡಿ ಕೇಳಿದೆವು. ಶನಿವಾರ ನೋಡಿದ ಸಿನಿಮಾವನ್ನು ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಸೀನ್ ಸೀನ್ ಹೇಳುತ್ತಿದ್ದಳಂತೆ, ಇವಳು ಕೇಳಿ ಏನಾದರೂ ಅನ್ನುತ್ತಿದ್ದಳಂತೆ, ಅದನ್ನು ಮುಂದಿನ ಶನಿವಾರ ಬರೆಯುತ್ತಿದ್ದಳಂತೆ. ‘ಅವ್ಳ ಪೇಜು ಖಾಲಿ ಇರ್ಬಾರ್ದು ಅಂತ ಸಾರ್.’ ಎರಡನೇ ತಿಂಗಳಲ್ಲಿ ಕಿಯರೋಸ್ತಮಿಯ ಸಿನಿಮಾ ಒಂದು ತೋರಿಸಿದ್ದೆವು. ಅದರಲ್ಲಿ ಹುಡುಗನೊಬ್ಬ ಗೆಳೆಯನ ಪುಸ್ತಕ ಕೊಡಲು ಪಕ್ಕದೂರಿಗೆ ಓಡಿ, ಮನೆ ಸಿಗದೆ, ಕೊನೆಗೆ ಅವನ ಹೋಂವರ್ಕನ್ನೂ ತಾನೇ ಬರೆದಿಡುತ್ತಾನೆ. ಅದು ನೆನಪಿತ್ತಾ ಅಂತ ಕೇಳಲಿಲ್ಲ.

‘ಬೈಸಿಕಲ್ ಥೀವ್ಸ್’ ಪುಟದಲ್ಲಿ ಅವಳ ಹೆಸರಿನ ಕೆಳಗೆ ಹೀಗಿದೆ: ‘ಸೈಕಲ್ ಸಿಗಲಿಲ್ಲ ಅಂತ ಗೊತ್ತಾಗಿ ನಮ್ಮಮ್ಮ ಎರಡು ದಿನ ಬೈದುಕೊಂಡರು. ಹಾಸಿಗೆ ಮೇಲಿನ ಬೆಡ್‌ಶೀಟ್ ಅಡವಿಡಲು ಕೊಟ್ಟು ಸೈಕಲ್ ಬಿಡಿಸಿಕೊಟ್ಟಿದ್ದು ಹೆಂಡತಿ. ಆಮೇಲೆ ಅವಳು ಕಾಣುವುದೇ ಇಲ್ಲವಂತೆ. ಅವನು ಮನೆಗೆ ಹೋಗಿ ಅವಳಿಗೆ ಏನು ಹೇಳಿದ?’